ವೇಗದಲ್ಲಿ ಟೂರಿಂಗ್ ಬೈಕ್ ಯಾಕೆ ಅಲುಗಾಡುತ್ತದೆ?

ನಿಂತ ಬೈಕನ್ನು ಸ್ಟ್ಯಾಂಡ್ ಹಾಕದೆ ಬಿಟ್ಟರೆ ಬಿದ್ದುಬಿಡುತ್ತದೆ. ಓಡುವ ಬೈಕ್ ತಾನಾಗಿಯೇ ನೆಟ್ಟಗಿರುತ್ತದೆ. ಹಾಗಾಗಿ ವೇಗ ಹೆಚ್ಚಿದಷ್ಟೂ ಬೈಕ್ ಹೆಚ್ಚು ಭದ್ರ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಒಂದು ಹಂತದವರೆಗೆ ಇದು ಸರಿ. ಆ ಹಂತ ದಾಟಿದ ಮೇಲೆ ಲೆಕ್ಕ ತಿರುಗುತ್ತದೆ. ವಿಚಿತ್ರವೆಂದರೆ, ದೂರ ಪ್ರಯಾಣಕ್ಕೆಂದೇ ತಯಾರಾದ ಭಾರಿ ಟೂರಿಂಗ್ ಬೈಕುಗಳಲ್ಲೇ ಈ ತೊಂದರೆ ಹೆಚ್ಚು ಸುದ್ದಿಯಾಗಿದೆ.

ಒಂದು ಉದಾಹರಣೆ ನೋಡೋಣ. ಹೋಂಡಾ ಕಂಪನಿಯ ಎಸ್‌ಟಿ1300 ಪ್ಯಾನ್ ಯುರೋಪಿಯನ್ ಎಂಬ ಬೈಕ್ 2002ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂತು. 1261 ಸಿಸಿ ಎಂಜಿನ್, ನಾಲ್ಕು ಸಿಲಿಂಡರ್, ಪೆಟ್ರೋಲ್ ತುಂಬಿಸಿದರೆ ತೂಕ 300 ಕೆ.ಜಿ. ದಾಟುತ್ತದೆ. ಬ್ರಿಟನ್ನಿನ ಪೊಲೀಸರು ಇದನ್ನು ಗಸ್ತಿಗೆ ಬಳಸುತ್ತಿದ್ದರು. ಆದರೆ ಹೆಚ್ಚಿನ ವೇಗದಲ್ಲಿ ಗಾಡಿ ಹಾವಿನಂತೆ ಓಲಾಡುತ್ತದೆ ಎಂಬ ದೂರು ಬಂತು, ಒಬ್ಬ ಪೊಲೀಸ್ ಸವಾರರು ಪ್ರಾಣ ಕಳೆದುಕೊಂಡರು. 2000ರ ದಶಕದಲ್ಲೇ ಹಲವು ಪೊಲೀಸ್ ಪಡೆಗಳು ಈ ಬೈಕನ್ನು ಬಳಕೆಯಿಂದ ಹಿಂದಕ್ಕೆ ಪಡೆದವು. ಓಡಿಸುತ್ತಿದ್ದವರು ಕಲಿಯುವ ಹುಡುಗರಲ್ಲ, ತರಬೇತಿ ಪಡೆದ ಪೊಲೀಸರು ಎಂಬುದನ್ನು ಗಮನಿಸಬೇಕು.

ನಮ್ಮ ಮನೆಯಲ್ಲಾಗಲಿ, ನಮ್ಮ ಮಾಮು ಅವರ ಗ್ಯಾರೇಜಿನಲ್ಲಾಗಲಿ ಎಲ್ಲ ಅಲುಗಾಟಕ್ಕೂ ಒಂದೇ ಮಾತು: "ಗಾಡಿ ಹಿಲ್ತಾ ಹೈ." ಆದರೆ ಇದು ಒಂದು ಕಾಯಿಲೆಯಲ್ಲ, ಎರಡು. ಬ್ರಿಟನ್ನಿನ ಎಂಜಿನಿಯರ್ ರಾಬಿನ್ ಶಾರ್ಪ್ 1971ರಲ್ಲಿ ಬರೆದ ಲೇಖನದಲ್ಲಿ ಗಣಿತದ ಮೂಲಕ ಇವೆರಡನ್ನೂ ಬೇರ್ಪಡಿಸಿ ತೋರಿಸಿದರು. ಒಂದು ವಾಬಲ್. ಇದರಲ್ಲಿ ಮುಂದಿನ ಚಕ್ರ, ಫೋರ್ಕ್, ಹ್ಯಾಂಡಲ್ ಮಾತ್ರ ಎಡಕ್ಕೆ ಬಲಕ್ಕೆ ನಡುಗುತ್ತವೆ, ಸೆಕೆಂಡಿಗೆ ಸುಮಾರು 6ರಿಂದ 10 ಸಲ. ಇನ್ನೊಂದು ವೀವ್. ಇದರಲ್ಲಿ ಇಡೀ ಗಾಡಿಯೇ ಓಲಾಡುತ್ತದೆ, ಹಿಂಭಾಗ ಮೀನಿನ ಬಾಲದಂತೆ ಬೀಸುತ್ತದೆ, ಸೆಕೆಂಡಿಗೆ 2ರಿಂದ 4 ಸಲ. ಮೊದಲನೆಯದನ್ನು ನಡುಕ ಎಂದೂ ಎರಡನೆಯದನ್ನು ಓಲಾಟ ಎಂದೂ ಕರೆಯೋಣ.

ನಡುಕ ಅರ್ಥವಾಗಬೇಕಾದರೆ ಆಸ್ಪತ್ರೆಯ ಸ್ಟ್ರೆಚರ್ ಅಥವಾ ಸೂಪರ್ ಮಾರ್ಕೆಟಿನ ತಳ್ಳುಗಾಡಿ ನೆನಪಿಸಿಕೊಳ್ಳಿ. ಜೋರಾಗಿ ತಳ್ಳಿದರೆ ಅದರ ಒಂದು ಚಿಕ್ಕ ಚಕ್ರ ಪಟಪಟನೆ ಹೊಡೆದುಕೊಳ್ಳುತ್ತದೆ. ಆ ಚಕ್ರ ನೆಲ ಮುಟ್ಟುವ ಜಾಗ, ಅದು ತಿರುಗುವ ಅಚ್ಚಿಗಿಂತ ಸ್ವಲ್ಪ ಹಿಂದೆ ಇರುತ್ತದೆ. ಬೈಕಿನ ಮುಂದಿನ ಚಕ್ರವೂ ಹಾಗೆಯೇ. ಹ್ಯಾಂಡಲ್ ತಿರುಗುವ ಅಚ್ಚಿನ ಗೆರೆಯನ್ನು ನೆಲದವರೆಗೆ ಎಳೆದರೆ, ಟೈರ್ ರಸ್ತೆ ಮುಟ್ಟುವ ಬಿಂದು ಅದಕ್ಕಿಂತ ಸುಮಾರು 10 ಸೆಂ.ಮೀ. ಹಿಂದಿರುತ್ತದೆ. ಈ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಚಕ್ರ ಓರೆಯಾದರೆ ರಸ್ತೆಯೇ ಅದನ್ನು ನೇರಕ್ಕೆ ಎಳೆಯುವುದು ಈ ಟ್ರೇಲ್‌ನಿಂದ.

ಹಾಗಾದರೆ ಇದು ಒಳ್ಳೆಯದೇ ಅಲ್ಲವೇ? ಒಳ್ಳೆಯದೇ. ತೊಂದರೆ ಇರುವುದು ರಬ್ಬರಿನಲ್ಲಿ. ಟೈರ್ ಓರೆಯಾದ ಕ್ಷಣದಲ್ಲೇ ಪೂರ್ತಿ ಬಲ ಹುಟ್ಟುವುದಿಲ್ಲ. ಚಕ್ರ ಇನ್ನೂ ಸ್ವಲ್ಪ ದೂರ ಉರುಳಿದ ಮೇಲೆ ರಬ್ಬರ್ ಬಾಗಿ ಬಲ ಬರುತ್ತದೆ. ಈ ತಡದಿಂದಾಗಿ ಚಕ್ರ ಮಧ್ಯಕ್ಕೆ ವಾಪಸ್ ಬರುವ ಹೊತ್ತಿಗೂ ತಳ್ಳುವ ಬಲ ಉಳಿದೇ ಇರುತ್ತದೆ, ಚಕ್ರ ಆ ಕಡೆಗೆ ದಾಟಿ ಹೋಗುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ.

ಕಾಮರ್ಸ್‌ನವನಾದ ನನಗೆ ಇದು ಜಮಾ ಖರ್ಚಿನ ಪುಸ್ತಕದಂತೆ ಕಾಣುತ್ತದೆ. ಪ್ರತಿ ಅಲುಗಾಟಕ್ಕೂ ಸ್ವಲ್ಪ ಶಕ್ತಿ ಖರ್ಚಾಗುತ್ತದೆ: ಬೇರಿಂಗಿನ ತಿಕ್ಕಾಟದಲ್ಲಿ, ಟೈರಿನ ಜಾರುವಿಕೆಯಲ್ಲಿ, ಸವಾರನ ತೋಳಿನಲ್ಲಿ. ಗಾಡಿಯ ಮುಂದಿನ ಓಟದಿಂದ ಸ್ವಲ್ಪ ಶಕ್ತಿ ಅಲುಗಾಟಕ್ಕೆ ಜಮಾ ಆಗುತ್ತದೆ. ಖರ್ಚು ಹೆಚ್ಚಿದ್ದರೆ ಅಲುಗಾಟ ತಾನಾಗಿ ಸಾಯುತ್ತದೆ. ಜಮಾ ಹೆಚ್ಚಾದರೆ ಚಕ್ರಬಡ್ಡಿಯಂತೆ ಬೆಳೆಯುತ್ತದೆ, ಕೊನೆಗೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿ ಟ್ಯಾಂಕಿಗೆ ಬಡಿಯುವಷ್ಟು. ರಸ್ತೆಯ ಗುಂಡಿಯಾಗಲಿ ಪಕ್ಕದ ಲಾರಿಯ ಗಾಳಿಯಾಗಲಿ ಆರಂಭ ಮಾತ್ರ ಕೊಡುತ್ತವೆ, ಬೆಳೆಸುವುದು ಗಾಡಿಯ ಸ್ವಂತ ಓಟ.

ಓಲಾಟದ ವಿಷಯದಲ್ಲಿ ವೇಗವೇ ನೇರ ಶತ್ರು. ಟೈರ್ ಎಷ್ಟು ಕೋನದಲ್ಲಿ ಓರೆಯಾಗಿ ಉರುಳುತ್ತಿದೆ ಎಂಬುದರ ಮೇಲೆ ಅದರ ಪಕ್ಕದ ಹಿಡಿತ ನಿಂತಿದೆ. ಹಿಂಭಾಗ ಪಕ್ಕಕ್ಕೆ ಅಷ್ಟೇ ವೇಗದಲ್ಲಿ ಬೀಸಿದರೂ, ಗಾಡಿಯ ವೇಗ ಎರಡು ಪಟ್ಟಾದರೆ ಆ ಕೋನ ಅರ್ಧವಾಗುತ್ತದೆ, ಅಂದರೆ ತಡೆಯುವ ಬಲವೂ ಅರ್ಧ. 80 ಕಿ.ಮೀ. ವೇಗದಲ್ಲಿ ಒಂದೇ ಸಲಕ್ಕೆ ಸತ್ತುಹೋಗುವ ಓಲಾಟ 160ರಲ್ಲಿ ಬಹಳ ಹೊತ್ತು ಉಳಿಯುವುದು ಇದಕ್ಕೇ. 180 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ 50 ಮೀಟರ್. ಸೆಕೆಂಡಿಗೆ 3 ಓಲಾಟವಾದರೆ ಪ್ರತಿ ಓಲಾಟಕ್ಕೂ ಸುಮಾರು 17 ಮೀಟರ್ ರಸ್ತೆ ಹೋಗಿರುತ್ತದೆ.

ಈಗ ಟೂರಿಂಗ್ ಬೈಕಿನ ನಿಜವಾದ ಸಮಸ್ಯೆಗೆ ಬರೋಣ. ಅದು ಸಾಮಾನು. ತಿರುಗುವ ವಸ್ತುವಿನ ಜಡತ್ವ ತೂಕಕ್ಕೆ ತಕ್ಕಂತೆ ಮಾತ್ರ ಹೆಚ್ಚುವುದಿಲ್ಲ, ಮಧ್ಯದಿಂದ ಇರುವ ದೂರದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. 10 ಕೆ.ಜಿ. ಸಾಮಾನನ್ನು ಗಾಡಿಯ ಮಧ್ಯದಿಂದ 30 ಸೆಂ.ಮೀ. ದೂರದಲ್ಲಿ, ಟ್ಯಾಂಕಿನ ಮೇಲಿನ ಬ್ಯಾಗಿನಲ್ಲಿ ಇಡಿ. ಅದೇ 10 ಕೆ.ಜಿ.ಯನ್ನು 1 ಮೀಟರ್ ಹಿಂದೆ ಟಾಪ್ ಬಾಕ್ಸಿನಲ್ಲಿ ಇಡಿ. ಎರಡನೆಯದರ ಪರಿಣಾಮ 11 ಪಟ್ಟು ಹೆಚ್ಚು. ನೀವೇ ಲೆಕ್ಕ ಹಾಕಿ ನೋಡಬಹುದು: 0.3ರ ವರ್ಗ 0.09, 1ರ ವರ್ಗ 1. ಟಾಪ್ ಬಾಕ್ಸ್ ಇರುವುದು ಹಿಂದಿನ ಚಕ್ರದ ಅಚ್ಚಿಗಿಂತಲೂ ಹಿಂದೆ, ಅದೂ ಎತ್ತರದಲ್ಲಿ. ಹೀಗಾಗಿ ತಕ್ಕಡಿಯಂತೆ ಮುಂದಿನ ಚಕ್ರದ ಭಾರವನ್ನೂ ಅದು ಕಡಿಮೆ ಮಾಡುತ್ತದೆ. ಹಿಂದೆ ಒಬ್ಬರು ಕೂತರಂತೂ ಇನ್ನಷ್ಟು. ಬಾಕ್ಸ್ ಮೇಲೆ ಅಂಟಿಸಿದ ಚೀಟಿಯಲ್ಲಿ ತೂಕದ ಮಿತಿ, ವೇಗದ ಮಿತಿ ಎರಡೂ ಇರುತ್ತವೆ. ಕೆಲವು ತಯಾರಕರು 120 ಕಿ.ಮೀ. ಎಂದು ಸ್ಪಷ್ಟವಾಗಿ ಬರೆದಿರುತ್ತಾರೆ. ಅದನ್ನು ಓದುವವರು ಕಡಿಮೆ. ನಮ್ಮ ಭಾಯಿಜಾನ್ ಮತ್ತು ಅವರ ಗೆಳೆಯರು ಲಡಾಖ್ ಪ್ರವಾಸಕ್ಕೆ ಟೂಲ್ಸ್, ಟ್ಯೂಬ್, ಚೈನ್ ಎಲ್ಲವನ್ನೂ ಟಾಪ್ ಬಾಕ್ಸಿಗೇ ತುಂಬುವ ಯೋಜನೆ ಹಾಕಿದ್ದರು. ಈ ಲೆಕ್ಕ ತೋರಿಸಿದ ಮೇಲೆ ಭಾರದ ಸಾಮಾನೆಲ್ಲ ಪಕ್ಕದ ಬ್ಯಾಗುಗಳ ತಳಕ್ಕೆ ಇಳಿಯಿತು.

ಗಾಳಿಯ ಪಾತ್ರವೂ ಇದೆ. ವೇಗ ಎರಡು ಪಟ್ಟಾದರೆ ಗಾಳಿಯ ಬಲ ನಾಲ್ಕು ಪಟ್ಟಾಗುತ್ತದೆ. ಎತ್ತರದ ವಿಂಡ್‌ಶೀಲ್ಡ್ ಮೇಲೆ ಬೀಳುವ ಗಾಳಿ ಗಾಡಿಯನ್ನು ಹಿಂದಕ್ಕೆ ವಾಲಿಸಿ ಮುಂದಿನ ಚಕ್ರವನ್ನು ಹಗುರ ಮಾಡುತ್ತದೆ. ಆ ಶೀಲ್ಡ್ ಹ್ಯಾಂಡಲಿಗೇ ಕೂತಿದ್ದರೆ ಗಾಳಿಯ ಪ್ರತಿ ಹೊಡೆತವೂ ನೇರ ಸ್ಟೀರಿಂಗಿಗೆ ಹೋಗುತ್ತದೆ. ಬಿಎಂಡಬ್ಲ್ಯು ಕಂಪನಿ 1976ರಲ್ಲಿ ಆರ್100ಆರ್‌ಎಸ್ ಎಂಬ ಬೈಕ್ ತಂದಾಗ ಅದರ ಮುಂದಿನ ಕವಚವನ್ನು ಇಟಲಿಯ ಪಿನಿನ್‌ಫರೀನಾ ಸಂಸ್ಥೆಯ ಗಾಳಿ ಸುರಂಗದಲ್ಲಿ ಪರೀಕ್ಷಿಸಿ ರೂಪಿಸಿತ್ತು, ಹ್ಯಾಂಡಲಿಗಲ್ಲ, ಫ್ರೇಮಿಗೆ ಜೋಡಿಸಿತ್ತು.

ಇನ್ನೊಂದು ಪ್ರಸಿದ್ಧ ತೊಂದರೆ ಹೆಚ್ಚು ವೇಗದಲ್ಲಲ್ಲ, ವೇಗ ಇಳಿಯುವಾಗ ಬರುತ್ತದೆ. ಹೋಂಡಾ ಗೋಲ್ಡ್ ವಿಂಗ್‌ನಂಥ ಭಾರಿ ಬೈಕಿನಲ್ಲಿ ಆಕ್ಸಿಲರೇಟರ್ ಬಿಟ್ಟು, ಕೈಯನ್ನೂ ಬಿಟ್ಟರೆ 60-70 ಕಿ.ಮೀ. ಆಸುಪಾಸಿನಲ್ಲಿ ಹ್ಯಾಂಡಲ್ ನಡುಗುವುದುಂಟು. ಕೈ ಇಟ್ಟರೆ ನಿಲ್ಲುತ್ತದೆ, ಏಕೆಂದರೆ ತೋಳುಗಳೇ ಆ ಶಕ್ತಿಯನ್ನು ನುಂಗುತ್ತವೆ. ನಮ್ಮ ಊರಿನ ಹಳೆಯ ಸ್ಕೂಟರುಗಳಲ್ಲೂ ಇದನ್ನು ಕಾಣಬಹುದು.

ಸ್ಟೀರಿಂಗ್ ಡ್ಯಾಂಪರ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಇದು ಹ್ಯಾಂಡಲ್ ವೇಗವಾಗಿ ತಿರುಗದಂತೆ ಎಣ್ಣೆಯಿಂದ ತಡೆಯುವ ಒಂದು ಚಿಕ್ಕ ಸಿಲಿಂಡರ್. ನಡುಕಕ್ಕೆ ಇದು ಒಳ್ಳೆಯ ಔಷಧಿ. ಆದರೆ ಹೆಚ್ಚು ವೇಗದ ಓಲಾಟವನ್ನು ಇದು ಹೆಚ್ಚಿಸಲೂಬಹುದು ಎಂದು ಶಾರ್ಪ್ ಅವರ ಲೆಕ್ಕವೇ ತೋರಿಸಿತ್ತು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ.

ನಿಜವಾಗಿ ಅಲುಗಾಟ ಶುರುವಾದರೆ ಸವಾರ ಏನು ಮಾಡಬೇಕು? ಹ್ಯಾಂಡಲನ್ನು ಎದುರು ತಿರುಗಿಸಿ ಸರಿಮಾಡಲು ಹೋಗಬಾರದು. ಕಣ್ಣಿಗೆ ಕಂಡು ಕೈ ಚಲಿಸಲು ಕಾಲು ಸೆಕೆಂಡ್ ಆದರೂ ಬೇಕು. ಅಷ್ಟರಲ್ಲಿ ಸೆಕೆಂಡಿಗೆ 8 ಸಲ ನಡುಗುವ ಚಕ್ರ ಎರಡು ಸುತ್ತು ಮುಗಿಸಿರುತ್ತದೆ. ತಡವಾಗಿ ಬಂದ ತಳ್ಳುವಿಕೆ ಉಯ್ಯಾಲೆಗೆ ಇನ್ನಷ್ಟು ಶಕ್ತಿ ಕೊಡಬಹುದು. ಗಾಬರಿಯಿಂದ ಗಟ್ಟಿ ಬ್ರೇಕ್ ಹಿಡಿಯುವುದೂ ಅಪಾಯ. ಮೊಣಕಾಲುಗಳಿಂದ ಟ್ಯಾಂಕ್ ಒತ್ತಿ ಹಿಡಿದು, ಮೈಯನ್ನು ಮುಂದಕ್ಕೆ ಬಗ್ಗಿಸಿ, ಆಕ್ಸಿಲರೇಟರನ್ನು ನಿಧಾನವಾಗಿ ಇಳಿಸಬೇಕು. ಓಲಾಟದಲ್ಲಿ ತೋಳು ಬಿಗಿ ಹಿಡಿದರೆ ಸವಾರನ ಮೈ ಓಲಾಡುವುದೆಲ್ಲ ಹ್ಯಾಂಡಲಿಗೆ ಹೋಗುತ್ತದೆ, ಆದ್ದರಿಂದ ಕೈ ಹ್ಯಾಂಡಲ್ ಮೇಲೆ ಇರಲಿ, ಬಿಗಿ ಬೇಡ.

ಗ್ಯಾರೇಜಿನಲ್ಲಿ ಮಾಡಬೇಕಾದದ್ದು ಇದಕ್ಕಿಂತ ಸುಲಭ. ಹ್ಯಾಂಡಲ್ ತಿರುಗುವ ಜಾಗದ ಬೇರಿಂಗನ್ನು ಮೆಕ್ಯಾನಿಕ್‌ಗಳು ಕೋನ್ ಸೆಟ್ ಎನ್ನುತ್ತಾರೆ. ಗಾಡಿಗೆ ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಕ್ಕೆ ಒಬ್ಬರನ್ನು ಒತ್ತಿಸಿ ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ. ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ಟಕ್ ಎಂದರೆ ಕೋನ್ ಸೆಟ್ ಸಡಿಲ. ಆಮೇಲೆ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿ. ಮಧ್ಯದಲ್ಲಿ ಸಿಕ್ಕಿಕೊಂಡಂತೆ ಆದರೆ ಸವೆದಿದೆ, ಬದಲಿಸಬೇಕು. ಹಿಂದಿನ ಚಕ್ರವನ್ನು ಪಕ್ಕಕ್ಕೆ ಅಲುಗಿಸಿದಾಗ ಆಟ ಬಂದರೆ ಸ್ವಿಂಗ್ ಆರ್ಮ್ ಬುಷ್ ಅಥವಾ ಚಕ್ರದ ಬೇರಿಂಗ್ ನೋಡಿಸಬೇಕು. ಟೈರಿನ ಗಾಳಿಯನ್ನು ಮಾತ್ರ ಓಡಿಸಿ ಬಂದ ಮೇಲಲ್ಲ, ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಅಳೆಯಬೇಕು, ಅದೂ ಸಾಮಾನು ಮತ್ತು ಇಬ್ಬರ ಭಾರಕ್ಕೆ ಪುಸ್ತಕದಲ್ಲಿ ಕೊಟ್ಟ ಅಳತೆಗೆ.