ಒಂಟಿ ಮತ

ಪ್ರಜಾಪ್ರಭುತ್ವದಲ್ಲಿ ಬಹುಮತದ ನಿರ್ಣಯಕ್ಕೆ ಎಲ್ಲರೂ ತಲೆಬಾಗಬೇಕಾಗುತ್ತದೆ. ಆದರೆ ತನ್ನ ಅಂತಃಸಾಕ್ಷಿ ಒಪ್ಪದ ನಿರ್ಣಯಕ್ಕೆ ಜನಪ್ರತಿನಿಧಿಯಾದವನು ಮತ ನೀಡಬೇಕೆ? ಈ ಪ್ರಶ್ನೆಯನ್ನು ಎರಡು ಮಹಾಯುದ್ಧಗಳ ಹೊಸ್ತಿಲಲ್ಲಿ ಎದುರಿಸಿದ ಧೀರ ಮಹಿಳೆ ಅಮೆರಿಕದ ಜೆನೆಟ್ ರಾಂಕಿನ್.

ಆಕೆ 1880ರಲ್ಲಿ ಮೊಂಟಾನಾ ಪ್ರಾಂತದ ಮಿಸೌಲಾ ಎಂಬಲ್ಲಿಗೆ ಸಮೀಪದಲ್ಲಿ ಜನಿಸಿದರು. 1902ರಲ್ಲಿ ಪದವೀಧರೆಯಾದರು. ಆಗ ಅಮೆರಿಕದ ಬಹುಪಾಲು ಸಂಸ್ಥಾನಗಳಲ್ಲಿ ಸ್ತ್ರೀಯರಿಗೆ ಮತದಾನದ ಹಕ್ಕಿರಲಿಲ್ಲ. ಆ ಹಕ್ಕಿಗಾಗಿ ರಾಂಕಿನ್ ಊರೂರು ಸಂಚರಿಸಿ ಜನಾಭಿಪ್ರಾಯವನ್ನು ರೂಪಿಸಿದರು. 1914ರಲ್ಲಿ ಮೊಂಟಾನಾದ ಸ್ತ್ರೀಯರಿಗೆ ಅದು ದೊರೆಯಿತು. 1916ರ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದಿಂದ ಸ್ಪರ್ಧಿಸಿದ ಆಕೆ ಜಯಗಳಿಸಿ, ಅಮೆರಿಕದ ಕಾಂಗ್ರೆಸ್ಸಿಗೆ ಚುನಾಯಿತರಾದ ಪ್ರಥಮ ಮಹಿಳೆಯೆನಿಸಿದರು.

1917ರ ಏಪ್ರಿಲ್ 2ರಂದು ಆಕೆ ಪ್ರತಿನಿಧಿ ಸಭೆಯನ್ನು ಪ್ರವೇಶಿಸಿದರು. ಅಂದೇ ಅಧ್ಯಕ್ಷ ವಿಲ್ಸನ್ನರು ಜರ್ಮನಿಯ ಮೇಲೆ ಯುದ್ಧ ಸಾರಬೇಕೆಂದು ಕಾಂಗ್ರೆಸ್ಸನ್ನು ಕೇಳಿಕೊಂಡರು. ಏಪ್ರಿಲ್ 6ರಂದು ಸದಸ್ಯರ ಹೆಸರು ಕರೆದು ಮತ ಪಡೆಯಲಾಯಿತು. ಮೊದಲ ಕರೆಗೆ ರಾಂಕಿನ್ ಉತ್ತರಿಸಲಿಲ್ಲ. ಎರಡನೆಯ ಕರೆಗೆ ಎದ್ದುನಿಂತು, ದೇಶದ ಪರವಾಗಿ ನಿಲ್ಲಲು ತಮಗೆ ಇಚ್ಛೆಯಿದೆಯಾದರೂ ಯುದ್ಧಕ್ಕೆ ಮತ ನೀಡಲಾರೆನೆಂದು ನುಡಿದರು. ಯುದ್ಧದ ಪರವಾಗಿ 373 ಮತಗಳೂ ವಿರುದ್ಧವಾಗಿ 50 ಮತಗಳೂ ಬಂದವು. ವಿರೋಧಿಸಿದವರಲ್ಲಿ 49 ಮಂದಿ ಪುರುಷರೇ ಇದ್ದರೂ ನಿಂದೆಯ ದೊಡ್ಡ ಪಾಲು ಆಕೆಯದಾಯಿತು. 1918ರಲ್ಲಿ ಸೆನೆಟ್ಟಿಗೆ ಸ್ಪರ್ಧಿಸಿದಾಗ ಆಕೆಗೆ ಸೋಲುಂಟಾಯಿತು.

ತರುವಾಯ ಶಾಂತಿಪ್ರಚಾರದಲ್ಲಿ ತೊಡಗಿದ್ದ ಆಕೆಯನ್ನು 1940ರಲ್ಲಿ ಮೊಂಟಾನಾದ ಜನ ಪುನಃ ಆರಿಸಿದರು. ವಿಧಿಯ ಲೀಲೆಯೆನ್ನುವಂತೆ ಹಳೆಯ ಪ್ರಶ್ನೆಯೇ ಮತ್ತೆ ಎದುರಾಯಿತು. 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿತು. ಮರುದಿನ ಯುದ್ಧದ ಪರವಾಗಿ ಬಿದ್ದ ಮತಗಳು 388. ವಿರುದ್ಧವಾಗಿ ಒಂದೇ ಒಂದು. ಆ ಒಂಟಿ ಮತ ರಾಂಕಿನ್ನರದು. ಕೆರಳಿದ ಜನರಿಂದ ಪಾರಾಗಲು ಆಕೆ ಟೆಲಿಫೋನ್ ಕೋಣೆಯೊಂದರಲ್ಲಿ ಆಶ್ರಯ ಪಡೆಯಬೇಕಾಯಿತು. ಪೊಲೀಸರು ಬಂದು ರಕ್ಷಣೆಯಿತ್ತರು. 1942ರ ಚುನಾವಣೆಗೆ ಆಕೆ ನಿಲ್ಲಲಿಲ್ಲ.

ಗಾಂಧೀಜಿಯವರ ಅಹಿಂಸಾತತ್ತ್ವ ಆಕೆಯ ಮನಸ್ಸನ್ನು ಸೆಳೆದಿತ್ತು. ಅದನ್ನು ಅರಿಯಲು 1946ರಿಂದ ಮೊದಲ್ಗೊಂಡು ಹಲವು ಬಾರಿ ಭಾರತಕ್ಕೆ ಬಂದರು. 1968ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ವಾಷಿಂಗ್ಟನ್ನಿನಲ್ಲಿ ಸಾವಿರಾರು ಸ್ತ್ರೀಯರ ಮೆರವಣಿಗೆಯ ಮುಂದಾಳಾದರು. 1973ರಲ್ಲಿ ನಿಧನರಾದರು. ಒಮ್ಮೆ ಆಕೆಯನ್ನು ಹಳಿದ ಸಂಸತ್ತಿನ ಭವನದಲ್ಲಿಯೇ 1985ರಲ್ಲಿ ಆಕೆಯ ಪ್ರತಿಮೆ ಸ್ಥಾಪಿತವಾಯಿತು.

ಆಕ್ರಮಣಕ್ಕೊಳಗಾದ ದೇಶ ಆಯುಧ ಹಿಡಿಯದಿರುವುದು ಸಾಧ್ಯವೆ ಎಂದು ಕೇಳುವವರು ಇಂದಿಗೂ ಇದ್ದಾರೆ. ಆ ಪ್ರಶ್ನೆ ಹಗುರವಾದುದಲ್ಲ. ಆದರೆ ಮತವೆಂಬುದು ಕೇವಲ ಎಣಿಕೆಯ ವಸ್ತುವಲ್ಲ, ಅದು ಮನುಷ್ಯನ ನಂಬಿಕೆಯ ನುಡಿ ಎಂಬುದನ್ನು ರಾಂಕಿನ್ನರ ಬಾಳು ತೋರಿಸಿಕೊಟ್ಟಿತು.