ಕಲ್ಲಿನಿಂದಲೇ ಕಲ್ಲಿನ ಚಿತ್ರ

ತಮಿಳುನಾಡಿನ ಶಿವಗಂಗೈ ಕಡೆಯ ಗ್ರಾಫೈಟ್ ಚೂರು, ಹುಣಿಸೆಬೀಜದ ಗಾತ್ರದ್ದು. ಬೆಳಕು ಎಡಗಡೆಯ ಕಿಟಕಿಯಿಂದ. ಮಸೂರ ಹಿಡಿದರೆ ಬಿಳಿ ಬೆಣಚುಕಲ್ಲಿನ ನಡುವೆ ಬೂದು ಹೊಳಪಿನ ಹಾಳೆಗಳು. ಮೊದಲ ನೋಟಕ್ಕೆ ಕಾಗೆಬಂಗಾರ ಎನ್ನಿಸೀತು. ಆದರೆ ಕಾಗೆಬಂಗಾರದ ಹಾಳೆ ಬಗ್ಗಿಸಿ ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ. ಇದು ಬಗ್ಗಿದಂತೆಯೇ ಉಳಿಯುತ್ತದೆ. ಮುಟ್ಟಿದ ಬೆರಳಲ್ಲಿ ಜಿಡ್ಡಿನ ನಯ, ಬೂದುಗಪ್ಪು ಗುರುತು.

ಇಂಥ ಹಾಳೆಗ್ರಾಫೈಟ್ ಬಹುಮಟ್ಟಿಗೆ ಪುರಾತನ ಕೆಸರಿನಲ್ಲಿ ಹೂತುಹೋದ ಜೀವಿಗಳ ಇಂಗಾಲ. ನೆಲದಾಳದ ಕಾವು, ಒತ್ತಡಗಳಲ್ಲಿ ಬೆಂದು ಹರಳಾದದ್ದು. ಒಂದೊಂದು ಪದರದೊಳಗೆ ಪರಮಾಣುಗಳ ಬೆಸುಗೆ ಬಹಳ ಗಟ್ಟಿ. 0.335 ನ್ಯಾನೋಮೀಟರ್ ದೂರದ ಪಕ್ಕದ ಪದರದೊಡನೆ ಮಾತ್ರ ನಂಟು ಸಡಿಲ. ಗೀಟು ಮೂಡುವುದು ಈ ಸಡಿಲಿನಿಂದಲೇ.

ಈ ಚೂರನ್ನು ಬಿಡಿಸಲು ಮೊದಲು 2ಎಚ್ ಪೆನ್ಸಿಲಿನಲ್ಲಿ ಹೊರಗೆರೆ ಎಳೆದೆ. ಮಸೂರದಡಿ ಆ ಗೆರೆ ಗೆರೆಯಾಗಿ ಕಾಣಲಿಲ್ಲ. ಕಾಗದದ ನಾರುಗಳ ನೆತ್ತಿಯಲ್ಲಷ್ಟೇ ಕರಿಚೂರುಗಳು ಸಿಕ್ಕಿಕೊಂಡಿವೆ, ನಡುವಣ ತಗ್ಗುಗಳೆಲ್ಲ ಬಿಳಿ. ಬೆಣಚುಕಲ್ಲಿಗೆ ಹೆಚ್ಚು ಕೆಲಸವಿಲ್ಲ, ಕಾಗದವನ್ನು ಹಾಗೇ ಬಿಟ್ಟರೆ ಸಾಕು. ಕಷ್ಟ ಕೊಟ್ಟದ್ದು ಹಾಳೆಗಳ ಹೊಳಪು. 6ಬಿ ಹಿಡಿದು ಒತ್ತಿ ಒತ್ತಿ ತೀಡಿದೆ. ಒಂದು ಹಂತದವರೆಗೆ ಕಪ್ಪೇರಿತು, ಆಮೇಲೆ ಏರಲಿಲ್ಲ, ಕಾಗದವೇ ಹೊಳೆಯತೊಡಗಿತು. ಚೂರುಗಳು ಚಪ್ಪಟೆಯಾಗಿ ಒಂದರ ಪಕ್ಕ ಒಂದು ಮಲಗಿದ್ದವು. ಈ ಕಡೆಯಿಂದ ಕಪ್ಪು, ತುಸು ಓರೆಯಾದರೆ ಬೆಳ್ಳಿ.

ಅಚ್ಚಗಪ್ಪು ಬೇಕಾದ ಕಲಾವಿದರು ಇದನ್ನು ದೋಷವೆಂದು ಇದ್ದಿಲಿನ ಕಡೆ ಹೋಗುತ್ತಾರೆ. ನನಗೆ ಇದು ಗ್ರಾಫೈಟಿನ ನಿಜಗುಣ. ಎಲೆಯನ್ನೋ ಗರಿಯನ್ನೋ ಬಿಡಿಸುವಾಗ ಪೆನ್ಸಿಲು ಅವುಗಳ ಹೊಳಪನ್ನು ನಟಿಸಬೇಕು. ಇಲ್ಲಿ ನಟನೆಯಿಲ್ಲ. ಕಲ್ಲಿನಲ್ಲಿ ಬೆಳಕು ಯಾವ ಪದರಗಳಿಂದ ಚಿಮ್ಮುತ್ತಿದೆಯೋ ಅಂಥವೇ ಪದರಗಳಿಂದ ಕಾಗದದಲ್ಲೂ ಚಿಮ್ಮುತ್ತಿದೆ.

ಪೆನ್ಸಿಲಿನದು ಶುದ್ಧ ಗ್ರಾಫೈಟ್ ಅಲ್ಲ ಎಂಬುದೂ ನೆನಪಿರಬೇಕು. ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನಕ್ಕೆ ಫ್ರಾನ್ಸಿನ ನಿಕೋಲಾ ಜಾಕ್ ಕೋಂತೆ 1795ರಲ್ಲಿ ಹಕ್ಕುಪತ್ರ ಪಡೆದ. ಮಣ್ಣು ಹೆಚ್ಚಾದಷ್ಟೂ ಮೊನೆ ಗಡುಸು. ಅದಕ್ಕೂ ಮೊದಲು, 16ನೆಯ ಶತಮಾನದಿಂದ, ಇಂಗ್ಲೆಂಡಿನ ಬಾರೋಡೇಲ್ ಕಣಿವೆಯ ಗಟ್ಟಿ ಗ್ರಾಫೈಟನ್ನು ಗರಗಸದಲ್ಲಿ ಸೀಳಿ ಹಾಗೆಯೇ ಬಳಸುತ್ತಿದ್ದರು. ಅಲ್ಲಿನ ಕುರಿಗಾಹಿಗಳು ಕುರಿಗಳಿಗೆ ಗುರುತು ಹಾಕುತ್ತಿದ್ದದ್ದೂ ಅದರಿಂದಲೇ.

ಹಾಗಾಗಿ ಚಿತ್ರದ ಅಂಚಿನಲ್ಲಿ ಶಿವಗಂಗೈ ಚೂರನ್ನೇ ಉಜ್ಜಿದೆ. 6ಬಿ ಗೀಟಿಗಿಂತ ಅದು ತೆಳು, ಹೆಚ್ಚು ಬೂದು, ಹೆಚ್ಚು ಹೊಳಪು. ಬೆಣಚಿನ ಹರಳು ತಾಗಿದ ಕಡೆ ಕಾಗದ ಗೀರಿದೆ. ಎರಡರ ಮೇಲೂ ನೀರು ಹನಿಸಿದೆ. ಯಾವುದೂ ಕದಡಲಿಲ್ಲ.