ಕಾಲಿಗೆ ತಗಲುವ ಕೊಳೆ

ಕಳೆದ ವರ್ಷ ಪುನರ್ವಸು ಮಳೆಯಲ್ಲಿ ಒಂದು ಶನಿವಾರ ಸಂಜೆ ಜಗಲಿಯಲ್ಲಿ ಕುಳಿತು ಬಟವಾಡೆ ಮಾಡುತ್ತಿದ್ದೆ. ಕಾಫಿ ಚಿಗುರು ತೆಗೆಯಲು ಬರುವ ಹುಡುಗನೊಬ್ಬ ಮೆಟ್ಟಿಲು ಹತ್ತದೆ ಅಂಗಳದ ಮಳೆಯಲ್ಲೇ ನಿಂತಿದ್ದ. “ಮೇಲೆ ಬಾರೋ ಮಾರಾಯ” ಎಂದೆ. “ಬ್ಯಾಡ ಅಯ್ಯಾ, ಇಲ್ಲೇ ಕೊಡಿ. ನಾನು ಬೂಟು ಬಿಚ್ಚಿದ್ರೆ ಇಲ್ಲಿ ಯಾರೂ ಕೂರಕ್ಕಾಗಲ್ಲ” ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಬೂಟು ಬಿಚ್ಚಿಸಿ ನೋಡಿದ ಮೇಲೆ ನಗು ನಿಂತಿತು. ಅಂಗಾಲು ನೆನೆದು ಬಿಳಿಚಿಕೊಂಡಿತ್ತು. ಹಿಮ್ಮಡಿಯ ತುಂಬ ಮೊಳೆಯಿಂದ ಚುಚ್ಚಿದಂಥ ಸಣ್ಣ ಸಣ್ಣ ಕುಳಿಗಳು. ಕಿರುಬೆರಳ ಸಂದಿ ಒಡೆದು ಕೆಂಪಗೆ ಕಾಣುತ್ತಿತ್ತು. ಹದಿನೈದು ದಿನದಿಂದ ಉರಿಯನ್ನು ಸಹಿಸಿಕೊಂಡು ಬರುತ್ತಿದ್ದನಂತೆ. ನಾಚಿಕೆಯಿಂದ ಬಾಯಿಬಿಟ್ಟಿರಲಿಲ್ಲ.

ಕಾಲಿನ ವಾಸನೆಯನ್ನು ನಾವು ಕೊಳಕುತನದ ಗುರುತೆಂದು ತಿಳಿಯುತ್ತೇವೆ. ಅದು ತಪ್ಪು. ಬೆವರಿಗೆ ತಾನಾಗಿ ಅಷ್ಟೇನೂ ವಾಸನೆಯಿಲ್ಲ. ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳು ದಟ್ಟವಾಗಿವೆ, ಗಂಬೂಟಿನ ರಬ್ಬರು ಆ ತೇವವನ್ನು ಹೊರಗೆ ಬಿಡುವುದಿಲ್ಲ. ಚರ್ಮದ ಮೇಲೆ ಸದಾ ಇರುವ ಬ್ಯಾಕ್ಟೀರಿಯಾಗಳು ಅಲ್ಲಿ ಹೆಚ್ಚಿಕೊಂಡು, ಬೆವರನ್ನೂ ಸತ್ತ ಚರ್ಮವನ್ನೂ ತಿಂದು ನಾರುವ ಆಮ್ಲಗಳನ್ನೂ ಗಂಧಕದ ಸಂಯುಕ್ತಗಳನ್ನೂ ಬಿಡುತ್ತವೆ. ಕುಳಿಗಳನ್ನು ಕೊರೆಯುವುದೂ ಈ ಜಾತಿಯವೇ. ಬೆರಳ ಸಂದಿಯ ತುರಿಕೆ, ಸಿಪ್ಪೆ ಏಳುವುದು ಸಾಮಾನ್ಯವಾಗಿ ಶಿಲೀಂಧ್ರದ ಕೆಲಸ. ನಾವು ಕೆಸರುಹುಣ್ಣು ಎನ್ನುವುದರಲ್ಲಿ ಎರಡೂ ಸೇರಿರುತ್ತವೆ.

ಅಡಿಕೆಯ ಕೊಳೆರೋಗ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಬಿಡದ ತೇವ ಇದ್ದಲ್ಲಿ ರೋಗ. ಗೊನೆಗೆ ಮಳೆಗೆ ಮೊದಲೇ ಔಷಧಿ ಹೊಡೆಯುವ ನಾವು ಕಾಲಿನ ವಿಷಯದಲ್ಲಿ ಮಾತ್ರ ಕೊಳೆತ ಮೇಲೆ ಎಚ್ಚರಗೊಳ್ಳುತ್ತೇವೆ. (ಹಾಗೆಂದು ಬೋರ್ಡೋ ದ್ರಾವಣವನ್ನು ಕಾಲಿಗೆ ಹಚ್ಚುವ ಸಾಹಸ ಯಾರೂ ಮಾಡಬಾರದು. ಮೈಲುತುತ್ತ ಒಡೆದ ಚರ್ಮವನ್ನು ಸುಡುತ್ತದೆ. ಔಷಧಿ ಹೊಡೆದ ದಿನ ಬೂಟಿನೊಳಗೆ ದ್ರಾವಣ ಇಳಿದಿದ್ದರೆ ಕಾಲನ್ನೂ ಬೂಟನ್ನೂ ಕೂಡಲೇ ತೊಳೆಯಿರಿ.)

ಮುಖ್ಯವಾದದ್ದು ಒಣಗಿಸುವುದು. ತೋಟದಿಂದ ಬಂದೊಡನೆ ಸೋಪು ಹಾಕಿ, ಬೆರಳ ಸಂದಿಗಳಲ್ಲೂ ತಿಕ್ಕಿ ತೊಳೆದು, ಕಾಲಿಗೆಂದೇ ಇಟ್ಟ ಬಟ್ಟೆಯಿಂದ ಒಂದೊಂದು ಸಂದಿಯನ್ನೂ ಒರೆಸಬೇಕು. ಆಮೇಲೆ ರಾತ್ರಿಯೆಲ್ಲ ಕಾಲಿಗೆ ಗಾಳಿಯಾಡಲಿ. ಮಧ್ಯಾಹ್ನ ಊಟಕ್ಕೆ ಬಂದಾಗ ಕಾಲುಚೀಲ ಬದಲಿಸಿ. ಹತ್ತಿಯದು ಬೆವರು ಹೀರುತ್ತದೆ, ಆದರೆ ನೆಂದರೆ ಬೇಗ ಒಣಗದು. ಹಂಡೆಯ ಬಿಸಿನೀರಲ್ಲಿ ತೊಳೆದ ಚೀಲ ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಒಣಗುತ್ತದೆ. ಬೂಟಿಗೆ ಮಾತ್ರ ಬೆಂಕಿ ತಾಗಿಸಬೇಡಿ, ರಬ್ಬರು ಬಿರಿಯುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ, ಎರಡು ಗಂಟೆ ಬಿಟ್ಟು ಒದ್ದೆ ಕಾಗದ ತೆಗೆದು ಬೇರೆ ತುರುಕಿ. ಆದರೂ ನಮ್ಮ ಮಳೆಗಾಲದಲ್ಲಿ ಒಂದು ರಾತ್ರಿಯಲ್ಲಿ ಬೂಟು ಒಣಗುವುದು ಕಷ್ಟ. ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕುವುದೇ ದಾರಿ.

ಸುವಾಸನೆಯ ಪೌಡರು ವಾಸನೆಯನ್ನು ಮುಚ್ಚುತ್ತದೆ ಅಷ್ಟೆ. ಕುಳಿ ಬಿದ್ದಿದ್ದರೆ ಕ್ಲಿಂಡಾಮೈಸಿನ್‌ನಂಥ ಹಚ್ಚುವ ಔಷಧಿಯನ್ನು ವೈದ್ಯರು ಬರೆದುಕೊಡುತ್ತಾರೆ, ಕಾಲು ಒಣಗಿದ್ದರೆ ಮೂರು-ನಾಲ್ಕು ವಾರದಲ್ಲಿ ಗುಣವಾಗುತ್ತದೆ. ಬೆರಳ ಸಂದಿಯ ಶಿಲೀಂಧ್ರಕ್ಕೆ ಕ್ಲೋಟ್ರಿಮಜೋಲ್ ಮುಲಾಮು ದಿನಕ್ಕೆರಡು ಸಲ. ತುರಿಕೆ ನಿಂತಿತೆಂದು ನಾಲ್ಕೇ ದಿನಕ್ಕೆ ಬಿಟ್ಟರೆ ಮತ್ತೆ ಬರುವುದು ಖಂಡಿತ. ಅಂಗಡಿಯಲ್ಲಿ “ತುರಿಕೆಗೆ ಏನಾದರೂ ಕೊಡಿ” ಎಂದು ಕೇಳಿ ಸ್ಟೀರಾಯ್ಡ್ ಬೆರೆತ ಮುಲಾಮು ತರಬೇಡಿ. ಎರಡು ದಿನ ಹಾಯೆನಿಸಿ ಒಳಗೊಳಗೇ ಶಿಲೀಂಧ್ರ ಹಬ್ಬುತ್ತದೆ. ಗಾಯವಿಲ್ಲದ ಬರಿಯ ವಾಸನೆಗೆ ಚಹಾ ಕಷಾಯದಲ್ಲಿ ಕಾಲಿಡುವುದು ಹಳೆಯ ಮನೆಮದ್ದು. ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ ಇದನ್ನು ಬರೆಯಲು ಸಂಕೋಚವಾಗುತ್ತದೆ. ಹಿರಿಯ ಸದಸ್ಯರೊಬ್ಬರು “ಚಹಾ ಯಾಕೆ, ನಮ್ಮ ಅಡಿಕೆ ಚೊಗರು ಸಾಲದೇ?” ಎಂದು ಕೇಳಿದರು. ಚೊಗರಿನ ಬಣ್ಣ ಹತ್ತಿದ ಕಾಲನ್ನು ಆಮೇಲೆ ಯಾವ ಮದುವೆಮನೆಯಲ್ಲಿ ತೋರಿಸುವುದು ಎಂದು ಮರುಪ್ರಶ್ನೆ ಹಾಕಿದೆ.

ಸಕ್ಕರೆಕಾಯಿಲೆ ಇರುವ ಸದಸ್ಯರು ಮಾತ್ರ ಯಾವ ಮನೆಮದ್ದಿಗೂ ಕೈಹಾಕಬಾರದು. ಅವರಲ್ಲಿ ಅನೇಕರಿಗೆ ಅಂಗಾಲಿನ ಸ್ಪರ್ಶ ಕಡಿಮೆಯಾಗಿರುತ್ತದೆ. ಒಲೆಯ ಮುಂದೆ ಕಾಲು ಕಾಯಿಸಿದರೆ ಸುಟ್ಟದ್ದೂ ತಿಳಿಯದು, ಸಂದಿಯ ಸಣ್ಣ ಬಿರುಕು ಕೀವಾಗಿ ಬೆರಳನ್ನೇ ತೆಗೆಯುವ ಹಂತಕ್ಕೆ ಹೋಗಬಹುದು. ದಿನವೂ ರಾತ್ರಿ ಬೆಳಕಿನಲ್ಲಿ ಅಂಗಾಲು ನೋಡಿಕೊಳ್ಳಿ, ಕಣ್ಣು ಮಂಜಾಗಿದ್ದರೆ ಮನೆಯವರಿಗೆ ತೋರಿಸಿ. ಯಾರಿಗೇ ಆಗಲಿ, ಪಾದ ಕೆಂಪಗೆ ಬಾತು, ಕೆಂಪು ಮೇಲಕ್ಕೇರುತ್ತಿದ್ದರೆ ಅಥವಾ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇಲಿಜ್ವರದ ರೋಗಾಣು ಇಂಥ ಒಡೆದ ಚರ್ಮದಿಂದಲೂ ಒಳಸೇರುತ್ತದೆ.

ಆ ಹುಡುಗನ ಕಾಲು ಒಂದು ತಿಂಗಳಲ್ಲಿ ವಾಸಿಯಾಯಿತು. ಔಷಧಿಗಿಂತ ನನ್ನನ್ನು ಚುಚ್ಚಿದ್ದು ಬೇರೆ ಸಂಗತಿ: ನನ್ನ ಮನೆಯಲ್ಲಿ ನನಗೆ ಮೂರು ಜೊತೆ ಗಂಬೂಟು, ದಿನವಿಡೀ ತೋಟದಲ್ಲಿರುವ ಅವನಿಗೆ ಒಂದೇ, ಅದೂ ಎಡಗಾಲಿನದು ತೂತು. ಈ ಸಲ ಮಳೆಗೆ ಮೊದಲು ಸಂಘದ ಮೂಲಕ ಗಂಬೂಟು ಒಟ್ಟಾಗಿ ತರಿಸುವ ವಿಷಯವನ್ನು ಆಡಳಿತ ಮಂಡಳಿಯ ಮುಂದಿಡುತ್ತಿದ್ದೇನೆ. ಬೇಕಾದವರು ಅಳತೆ ಸಹಿತ ಕಚೇರಿಯಲ್ಲಿ ಬರೆಸಿ, ನಿಮ್ಮ ಕೆಲಸದವರ ಅಳತೆಯನ್ನೂ ಸೇರಿಸಿ.